ಹದಿನೇಳನೆಯ ಮನೆಯ ಐದನೆಯ ಮಗು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಹದಿನೆಂಟರಲ್ಲಿ. ನಿಲ್ಲಿಸಿದೆ ಅನ್ನುವುದು ದೊಡ್ಡ ಮಾತು. ಆ ವರ್ಷದ ಜ್ವರದಲ್ಲಿ ಮೊದಲು ನಮ್ಮ ಮೇಷ್ಟರು ಹೋದರು, ಎಂಟು ದಿನ ಬಿಟ್ಟು ನಮ್ಮಪ್ಪ ಹೋದ. ಶಾಲೆಯ ಬಾಗಿಲು ಮತ್ತೆ ತೆಗೆಯುವ ಹೊತ್ತಿಗೆ ನಾನು ಮದ್ದೂರಿನ ಒಂದು ಮಂಡಿಯಲ್ಲಿ ಕೂತು ಬೆಲ್ಲದ ಅಚ್ಚು ಎಣಿಸುತ್ತಿದ್ದೆ. ನನಗೆ ಹನ್ನೊಂದು ವರ್ಷ. ಮನೆಯಲ್ಲಿ ಅವ್ವ, ಮೂರು ವರ್ಷದ ತಂಗಿ. ಇಂಗ್ಲಿಷ್ ಅಕ್ಷರ ಕಲಿಯುವಷ್ಟು ದೂರ ನಾನು ಹೋಗಲಿಲ್ಲ. ಆದರೆ ಕನ್ನಡದ ಅಂಕಿ ನನ್ನ ಕೈಯಲ್ಲಿ ಸಾಲುಗಟ್ಟಿ ಕೂರುತ್ತಿತ್ತು, ಎಣಿಕೆ ಒಂದೂ ತಪ್ಪುತ್ತಿರಲಿಲ್ಲ. ಆ ಕೈಯಿಂದಲೇ ಅವ್ವನನ್ನು ಸಾಕಿದೆ, ತಂಗಿಯ ಮದುವೆ ಮಾಡಿದೆ. ಯಾರ ಮುಂದೆಯೂ ನಿಂತು ಕೇಳಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಶಾಲೆ ಬಿಟ್ಟದ್ದಕ್ಕೆ ಒಂದು ವಿಷಯದಲ್ಲಿ ಮಾತ್ರ ನನಗೆ ಸಮಾಧಾನವೇ ಆಗಿತ್ತು. ಬೆಳಿಗ್ಗೆ ಹಾಜರಿ ಕೂಗುವುದು ತಪ್ಪಿತು. ನನಗಿಂತ ಮುಂಚೆ ಹುಟ್ಟಿದ ಮೂರು ಕೂಸು ಉಳಿದಿರಲಿಲ್ಲ. ಹಾಗಾಗಿ ನಾನು ಹುಟ್ಟಿದ ಮೇಲೆ ನನ್ನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಟ್ಟರಂತೆ. ಹುಟ್ಟಿದ ಮಕ್ಕಳೆಲ್ಲ ಬದುಕಿದ್ದ ಪಕ್ಕದ ಬೀದಿಯ ಹೆಂಗಸೊಬ್ಬಳು ಮೂರು ಹಿಡಿ ತೌಡು ಕೊಟ್ಟು ನನ್ನನ್ನು ಕೊಂಡುಕೊಂಡು, ಸಾಕಿಕೊಡು ಅಂತ ತಿರುಗಿ ಅವ್ವನ ಕೈಗೇ ಕೊಟ್ಟಳು. ಆಮೇಲೆ ಯಾರು ಕೇಳಿದರೂ ಅವ್ವ, "ಇದು ನಂದಲ್ಲ, ಆ ಮನೇದು" ಅನ್ನಬೇಕು. ಮೂರನ್ನು ಕರೆದುಕೊಂಡು ಹೋದದ್ದು ನಾಲ್ಕನೆಯದನ್ನು ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಅದಕ್ಕೆ ಏನೂ ಸಿಗಬಾರದು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಕ್ರಮ. ಇಂಥ ಕೂಸಿಗೆ ಇಡುವ ಹೆಸರೂ ಯಾರಿಗೂ ಬೇಡವಾದ ಹೆಸರೇ. ಮೇಷ್ಟರು ಅದನ್ನು ಕೂಗಿದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂರುವ ಶಾನುಭೋಗರ ಮಕ್ಕಳು ನಗುತ್ತಿದ್ದರು. ಮುಂದೆ ಕೆಲಸಕ್ಕೆ ಸೇರುವಾಗ ನಾನು ಬೇರೆ ಒಂದು ಒಳ್ಳೆಯ ಹೆಸರು ಬರೆಸಿದೆ. ಅದೇ ಉಳಿಯಿತು.

ಮಂಡಿ ಬಿಟ್ಟ ಮೇಲೆ ನಾಲೆ ತೋಡುವ ಕಡೆ ಕೂಲಿಯವರ ಹಾಜರಿ ಬರೆದೆ. ಅದು ಮುಗಿದ ಮೇಲೆ ಹಳ್ಳಿಗಳಲ್ಲಿ ಸಿಡುಬು ಬರದ ಹಾಗೆ ದೇವಿ ಹಾಕುವವರ ಹಿಂದೆ ಪೆಟ್ಟಿಗೆ ಹೊತ್ತುಕೊಂಡು ತಿರುಗಿದೆ. ನಾಲೆಗೆ ನೀರು ಬಿಟ್ಟು ಎರಡು ಮೂರು ವರ್ಷವಾಗಿದ್ದಾಗ ಮಂಡ್ಯಕ್ಕೆ ಒಬ್ಬ ಡಾಕ್ಟರು ಬಂದರು. ರೋಗಿಗಳನ್ನು ನೋಡುವ ಡಾಕ್ಟರಲ್ಲ. ಒಂದು ಬಾಡಿಗೆ ಮನೆ ಹಿಡಿದು, ಮೇಜಿನ ತುಂಬ ಗಾಜಿನ ಸಾಮಾನು ಇಟ್ಟುಕೊಂಡು, ಮಕ್ಕಳ ನಾಯಿಕೆಮ್ಮು ಎಲ್ಲಿಂದ ಬರುತ್ತದೆ, ಹೇಗೆ ಹರಡುತ್ತದೆ, ಅದನ್ನು ಸೂಜಿಮದ್ದಿನಿಂದ ತಡೆಯಬಹುದೇ ಎಂದು ನೋಡುವುದು ಅವರ ಕೆಲಸ. ಅವರಿಗೆ ಸೈಕಲ್ ಹೊಡೆಯಬಲ್ಲ, ಹಳ್ಳಿಯ ಮಾತು ತಿಳಿದ, ತಪ್ಪಿಲ್ಲದೆ ಲೆಕ್ಕ ಬರೆಯುವ ಒಬ್ಬ ಬೇಕಾಗಿತ್ತು. ನನ್ನ ಬರಹದ ಒಂದು ಹಾಳೆ ನೋಡಿ, ಎಷ್ಟನೇ ಕ್ಲಾಸು ಅಂತಲೂ ಕೇಳದೆ ಇಟ್ಟುಕೊಂಡರು.

ನಾಯಿಕೆಮ್ಮು ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಮಗು ಒಂದೇ ಸಮನೆ ಕೆಮ್ಮುತ್ತದೆ, ಮುಖ ಕೆಂಪಾಗಿ ಆಮೇಲೆ ನೀಲಿಯಾಗುತ್ತದೆ, ಒಳಗಿನ ಉಸಿರೆಲ್ಲ ಖಾಲಿಯಾದ ಮೇಲೆ ಕೊಕ್ಕೋ ಅಂತ ಉದ್ದಕ್ಕೆ ಒಳಗೆ ಎಳೆದುಕೊಳ್ಳುತ್ತದೆ. ಕುಡಿದದ್ದೆಲ್ಲ ವಾಂತಿ. ಇದು ಎರಡು ತಿಂಗಳು, ಕೆಲವಕ್ಕೆ ಮೂರು. ದೊಡ್ಡ ಮಕ್ಕಳು ಎದ್ದುಕೊಳ್ಳುತ್ತವೆ. ಚಿಕ್ಕವು ಒಂದು ಸಲ ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳುವುದಿಲ್ಲ.

ಡಾಕ್ಟರು ಮದ್ದೂರು, ಮಳವಳ್ಳಿ ಎರಡೂ ಕಡೆ ಸೇರಿ ಒಂಬತ್ತು ಹಳ್ಳಿ ಆರಿಸಿಕೊಂಡಿದ್ದರು. ನಾನು ಹೋಗಿ ಪ್ರತಿ ಮನೆಯ ಬಾಗಿಲ ಮೇಲೆ ಡಾಂಬರಿನಲ್ಲಿ ನಂಬರು ಬರೆಯಬೇಕು. ಮನೆಯ ಮಕ್ಕಳನ್ನೆಲ್ಲ ರಿಜಿಸ್ಟರಿಗೆ ಹತ್ತಿಸಬೇಕು. ಒಂದು, ಮೂರು, ಐದು, ಏಳು ಹೀಗೆ ಬೆಸ ನಂಬರಿನ ಮನೆಯ ಮಕ್ಕಳಿಗೆ ವಾರಕ್ಕೊಂದರಂತೆ ಮೂರು ಸೂಜಿ. ಸರಿ ನಂಬರಿನ ಮನೆಗೆ ಇಲ್ಲ. ಆಮೇಲೆ ಎರಡು ವರ್ಷ, ಹದಿನೈದು ದಿನಕ್ಕೊಂದು ಸಲ ನಾನು ಎಲ್ಲ ಮನೆಗೂ ಹೋಗಿ ಯಾವ ಮಗು ಕೆಮ್ಮಿತು, ಯಾವುದು ಉಳಿಯಿತು ಅಂತ ಬರೆಯಬೇಕು. ಕೊನೆಗೆ ಎರಡು ಸಾಲು ಕೂಡಿ ನೋಡಿದರೆ ಮದ್ದು ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತದೆ. ಮಾಡಿತು ಅಂತಾದರೆ ಸರ್ಕಾರದವರು ಈ ಕಡೆಯ ಎಲ್ಲ ಹಳ್ಳಿಗೂ ಅದನ್ನು ಕೊಡಿಸುವ ಮಾತಾಗಿತ್ತು.

ಎಲ್ಲರಿಗೂ ಯಾಕೆ ಹಾಕಬಾರದು ಅಂತ ನಾನು ಒಂದು ಸಲ ಕೇಳಿದೆ. ಅವರು ಬೇಸರಪಡದೆ ಹೇಳಿದರು: "ಎಲ್ಲರಿಗೂ ಹಾಕಿದೆ, ಕೆಮ್ಮು ಬರಲಿಲ್ಲ ಅನ್ನು. ಮದ್ದಿನಿಂದ ಬರಲಿಲ್ಲವೋ, ಆ ವರ್ಷ ಹೇಗೂ ಬರುತ್ತಿರಲಿಲ್ಲವೋ, ಹೇಗಯ್ಯ ಹೇಳುತ್ತೀಯ? ಹಾಕದ ಮನೆಯೇ ನಮಗೆ ತಕ್ಕಡಿಯ ಇನ್ನೊಂದು ತಟ್ಟೆ." ಮಂಡಿಯಲ್ಲಿ ಕೂತು ಬಂದವನಿಗೆ ಆ ಮಾತು ಕೂಡಲೇ ಹಿಡಿಸಿತು. ಅವತ್ತಿನಿಂದ ಬೆಸ, ಸರಿ ಅನ್ನುವುದು ನನಗೆ ದೇವರ ಮುಂದೆ ಇಟ್ಟ ಮಾತಿನ ಹಾಗಾಯಿತು. ಎಷ್ಟೋ ಜನ ಬೈದರು. ಸರಿ ನಂಬರಿನವರು ನಮ್ಮ ಮನೆಗೆ ಯಾಕೆ ಹಾಕಲ್ಲ ಅಂತ, ಬೆಸ ನಂಬರಿನವರು ನಮ್ಮ ಮನೆಗೇ ಯಾಕೆ ಹಾಕುತ್ತೀಯ ಅಂತ. ನಾನು ಯಾರಿಗೂ ಸಡಿಲ ಬಿಡಲಿಲ್ಲ.

ಇದಲ್ಲದೆ ತಟ್ಟೆ ಹಿಡಿಯುವ ಕೆಲಸವಿತ್ತು. ಅಂಗೈಯಗಲದ ಗಾಜಿನ ತಟ್ಟೆ, ಅದರೊಳಗೆ ರಕ್ತ ಬೆರೆಸಿ ಹೆಪ್ಪುಗಟ್ಟಿಸಿದ ಕೆಂಪು ಪದರ, ಮೇಲೊಂದು ಗಾಜಿನ ಮುಚ್ಚಳ. ಮಗು ಕೆಮ್ಮುವಾಗ ಮುಚ್ಚಳ ತೆಗೆದು ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ಮುಚ್ಚಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿಸಿಲೇರುವ ಮುಂಚೆ ಮಂಡ್ಯ ಮುಟ್ಟಿಸಬೇಕು. ಮೂರು ನಾಲ್ಕು ದಿನದಲ್ಲಿ ಅದರ ಮೇಲೆ ಪಾದರಸದ ಹನಿಯಂಥ ಚುಕ್ಕೆ ಎದ್ದರೆ ಅದು ನಿಜವಾದ ನಾಯಿಕೆಮ್ಮು. ಹಳ್ಳಿಯವರು ನಾನು ಕೆಮ್ಮನ್ನು ತಟ್ಟೆಯಲ್ಲಿ ಹಿಡಿದು ಮುಚ್ಚಿಕೊಂಡು ಹೋಗುತ್ತೇನೆ ಅಂದುಕೊಂಡಿದ್ದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಒಬ್ಬ ಮುದುಕಿ ಎರಡನೆಯ ಸಲ ಹೋದಾಗ ಜಗಳಕ್ಕೇ ನಿಂತಳು: "ಅರ್ಧ ಕೆಮ್ಮು ಬುಟ್ಟೋಗಿದ್ದೀಯಲ್ಲಪ್ಪ. ಇನ್ನೊಂದ್ ಕಿತ ಇಡಿ, ಪೂರಾ ತಕ್ಕೊಂಡೋಗು."

ಒಂಬತ್ತು ಹಳ್ಳಿಯಲ್ಲಿ ಒಂದು, ಬೆಸಗರಹಳ್ಳಿಯಿಂದ ಆಚೆಯದು, ನನ್ನ ತಂಗಿಯನ್ನು ಕೊಟ್ಟ ಊರು. ಅಲ್ಲಿ ನಂಬರು ಹಾಕುವಾಗ ನಾನು ಬೀದಿಯ ಬಾವಿಯ ಕಡೆಯಿಂದ ಶುರುಮಾಡಿದೆ. ತಂಗಿಯ ಮನೆ ಹದಿನೆಂಟು ಬಂತು. ಆಚೆಯ ತುದಿಯಿಂದ ಶುರುಮಾಡಿದ್ದರೆ ಇಪ್ಪತ್ತೊಂದು ಬರುತ್ತಿತ್ತು. ಆ ಹೊತ್ತಿನಲ್ಲಿ ಇದನ್ನು ನಾನು ಯೋಚಿಸಲೂ ಇಲ್ಲ. ಯೋಚಿಸಲಿಲ್ಲ ಅನ್ನುವುದೇ ನನಗೊಂದು ದೊಡ್ಡಸ್ತಿಕೆಯಾಗಿ ಕಂಡಿತು.

ತಂಗಿಗೆ ಹುಟ್ಟಿದ ಎರಡು ಹೋಗಿದ್ದವು. ಮೂರನೆಯವನಿಗೆ ಆಗ ಎರಡು ವರ್ಷ ತುಂಬಿತ್ತು. ನನ್ನ ಹಾಗೆಯೇ ಅವನೂ ಮೊರದಲ್ಲಿ ಮಲಗಿದವನು. ಕೊಂಡುಕೊಂಡವಳು ಪಕ್ಕದ ಹದಿನೇಳನೆಯ ಮನೆಯಾಕೆ, ನಾಲ್ಕು ಮಕ್ಕಳ ತಾಯಿ. ಗಟ್ಟಿ ಹೆಂಗಸು, ಬಾಯಿ ಇನ್ನೂ ಗಟ್ಟಿ. ಅವರ ಮನೆಯ ಮಕ್ಕಳನ್ನು ಬರೆದುಕೊಳ್ಳಲು ಕೂತಾಗ, "ಏನ್ ಲೆಕ್ಕದಪ್ಪ, ಕೋಳಿನೂ ಬರ್ಕೋ. ಅವ್ಕೂ ಕೆಮ್ಮೈತೆ" ಅಂದಳು. ಎಷ್ಟು ಮಕ್ಕಳು ಅಂತ ಕೇಳಿದೆ. ನನ್ನ ಮುಖವನ್ನೇ ನೋಡುತ್ತಾ, "ಐದು" ಅಂದಳು.

ಅಲ್ಲಿಂದ ತಂಗಿಯ ಮನೆಗೆ ಬಂದೆ. ಹುಡುಗ ಅವಳ ಸೊಂಟದ ಮೇಲಿದ್ದ. ನನ್ನನ್ನು ನೋಡಿ ಮಾವ ಅಂತ ಕೈ ಚಾಚಿದ. ರಿಜಿಸ್ಟರು ತೆಗೆದು ಜಗಲಿಯ ಮೇಲೆ ಇಟ್ಟೆ. ತಂಗಿ ಅದನ್ನು ನೋಡಿದ ಕೂಡಲೇ ಹುಡುಗನ ಮುಖವನ್ನು ಸೆರಗಿನಲ್ಲಿ ಮುಚ್ಚಿದಳು.

"ಈ ಮನೇಲಿ ಮಕ್ಕಳಿಲ್ಲ ಕಣಣ್ಣ. ಇದು ಪಕ್ಕದ್ಮನೇದು."

ಆಡಬಾರದ್ದೇನೂ ಅವಳು ಆಡಲಿಲ್ಲ. ನಮ್ಮವ್ವ ನನ್ನ ಬಗ್ಗೆ ಇಪ್ಪತ್ತು ವರ್ಷ ಆಡಿದ ಮಾತೇ ಅದು. ಬಾಯಿಮಾತು ಬೇರೆ, ಡಾಕ್ಟರ ರಿಜಿಸ್ಟರು ಬೇರೆ. ಮಗು ಎಲ್ಲಿ ಮಲಗುತ್ತದೆ, ಯಾರ ಜೊತೆ ಉಣ್ಣುತ್ತದೆ ಅನ್ನುವುದು ಅವರಿಗೆ ಬೇಕಾದದ್ದು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇನ್ನೊಂದೂ ಗೊತ್ತಿತ್ತು. ಹದಿನೇಳು ಬೆಸ, ಅಲ್ಲಿಗೆ ಸೂಜಿ ಬರುತ್ತದೆ. ಹದಿನೆಂಟಕ್ಕೆ ಬರುವುದಿಲ್ಲ. ಹದಿನೇಳರಲ್ಲಿ ಮಕ್ಕಳು ಐದು, ಹದಿನೆಂಟರಲ್ಲಿ ಇಲ್ಲ ಅಂತ ಬರೆದೆ. ನಾನು ಸುಳ್ಳು ಬರೆಯಲಿಲ್ಲ, ಅವರವರು ಹೇಳಿದ್ದನ್ನು ಬರೆದೆ. ಸೈಕಲ್ ಹತ್ತಿ ಮದ್ದೂರು ಮುಟ್ಟುವವರೆಗೂ ನನಗೆ ನಾನೇ ಇದನ್ನು ಹೇಳಿಕೊಂಡೆ.

ಸೂಜಿ ಹಾಕುವ ದಿನ ಚಾವಡಿಯ ಮುಂದೆ ಮೇಜು ಹಾಕಿದ್ದರು. ಡಾಕ್ಟರು, ಅವರ ಜೊತೆ ಒಬ್ಬ ದಾದಿ. ಮರಳು ತುಂಬಿದ ಮಡಕೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಸೀಸೆಗಳು. ನಾನು ನಂಬರು ಕೂಗಿ, ನಿಂತ ಮಕ್ಕಳನ್ನು ರಿಜಿಸ್ಟರಿನ ಲೆಕ್ಕಕ್ಕೆ ತಾಳೆ ಹಾಕಿ ಗುರುತು ಮಾಡಬೇಕು. ಹಿಂದಿನ ದಿನವೇ ನಾನು ಹದಿನೇಳನೆಯ ಮನೆಯಾಕೆಗೆ ಹೇಳಿಬಂದಿದ್ದೆ, ಐದೂ ಬರಬೇಕು, ಆದರೆ ಹುಡುಗ ನನ್ನನ್ನು ಮಾವ ಅಂತ ಕೂಗದ ಹಾಗೆ ನೋಡಿಕೋ ಅಂತ. ಡಾಕ್ಟರ ಎದುರು ಅವನು ಹಾಗೆ ಕೂಗಿಬಿಟ್ಟರೆ, ಇವನು ಯಾರ ಮಗ ಅಂತ ಅವರು ಕೇಳುತ್ತಾರೆ. ಕೇಳಿದರೆ ನನ್ನ ಮುಖ ಹೇಳಿಬಿಡುತ್ತದೆ. ಆದ್ದರಿಂದ ಹದಿನೇಳು ಅಂತ ಕೂಗಿ ನಾನು ತಲೆ ಎತ್ತಲೇ ಇಲ್ಲ. ಪುಟದ ಮೇಲೆ ಕಣ್ಣಿಟ್ಟುಕೊಂಡು, ಅಳುವ ಸದ್ದು ಐದು ಸಲ ಬಂದದ್ದನ್ನು ಎಣಿಸಿ, ಐದು ಗುರುತು ಹಾಕಿದೆ. ಎರಡನೆಯ ವಾರವೂ ಹಾಗೇ, ಮೂರನೆಯ ವಾರವೂ ಹಾಗೇ. ಕೊನೆಯ ದಿನ ಡಾಕ್ಟರು ದಾದಿಗೆ, ಇವನ ಲೆಕ್ಕ ನೋಡಿ, ಮೂರು ವಾರದಲ್ಲಿ ಒಂದು ಮಗು ಹೆಚ್ಚು ಕಡಿಮೆ ಇಲ್ಲ ಅಂತ ಹೇಳಿದರು. ನನಗೆ ಎದೆ ಉಬ್ಬಿತು.

ಒಂದು ವರ್ಷ ಏನೂ ಇರಲಿಲ್ಲ. ಎರಡನೆಯ ವರ್ಷದ ಚಳಿಗಾಲದಲ್ಲಿ ಕೆಮ್ಮು ಮಳವಳ್ಳಿಯ ಕಡೆ ಕಾಣಿಸಿಕೊಂಡಿತು. ಅದು ಬಂದ ದಾರಿಯನ್ನು ನಾನೇ ಸೈಕಲ್ಲಿನಲ್ಲಿ ಹಿಂದಕ್ಕೆ ಹಿಡಿದುಕೊಂಡು ಹೋದೆ. ಹೊಳೆ ಧುಮುಕುವ ಕಡೆ ಕರೆಂಟು ತೆಗೆಯುವ ಬ್ಲಫಿನಲ್ಲಿ ಕೆಲಸಕ್ಕಿದ್ದವನೊಬ್ಬ ಮಕ್ಕಳನ್ನು ಕರೆದುಕೊಂಡು ಮಾವನ ಮನೆಗೆ ಬಂದಿದ್ದ. ಆ ಮನೆಯಿಂದ ಪಕ್ಕದ ಮನೆ, ಅಲ್ಲಿಂದ ಮದುವೆಗೆ ಹೊರಟ ಒಂದು ಗಾಡಿ, ಗಾಡಿಯಿಂದ ಮೂರು ಹಳ್ಳಿ. ನಾನು ಗೆರೆ ಎಳೆದು ತೋರಿಸಿದ್ದನ್ನು ಡಾಕ್ಟರು ಗೋಡೆಗೆ ಅಂಟಿಸಿಕೊಂಡರು. ಕೆಮ್ಮು ಯಾವ ಹಳ್ಳಿಗೆ ಯಾವ ವಾರ ಮುಟ್ಟುತ್ತದೆ ಅಂತ ಮುಂಚೆಯೇ ಹೇಳುವಷ್ಟು ನನಗೆ ಅದರ ನಡೆ ಗೊತ್ತಾಗಿತ್ತು. ಬೆಸಗರಹಳ್ಳಿಯ ಕಡೆಗೆ ಅದು ಯಾವಾಗ ಬರುತ್ತದೆ ಅಂತಲೂ ಗೊತ್ತಿತ್ತು. ಭಯವಾಗಲಿಲ್ಲ. ನನ್ನ ಅಳಿಯನಿಗೆ ಮೂರು ಸೂಜಿ ಬಿದ್ದಿದೆ ಅನ್ನುವ ಧೈರ್ಯ.

ನಾನು ಹೋದ ದಿನ ಹುಡುಗ ತಂಗಿಯ ಮನೆಯ ಒಳಗಡೆ ಕೂತಿದ್ದ. ಕೆಮ್ಮಿದ. ಕೊನೆಯಲ್ಲಿ ಉಸಿರು ಎಳೆದುಕೊಂಡ ಸದ್ದು ಕೇಳಿದ ಮೇಲೂ ನಾನು, ಇದು ಬರೀ ಶೀತ, ಸೂಜಿ ಹಾಕಿದ ಮಗುವಿಗೆ ಇದು ಬರಲ್ಲ ಅಂತ ತಂಗಿಗೆ ಹೇಳಿದೆ. ಅವಳು ನನ್ನ ಚೀಲದ ಕಡೆ ನೋಡಿ, "ತಟ್ಟೆ ಇಡಿಯಣ್ಣ" ಅಂದಳು. ಹಿಡಿದೆ. ಒಂದು ಗೇಣು ದೂರದಿಂದ ಅವನ ಉಸಿರು ನನ್ನ ಬೆರಳಿಗೆ ತಾಕುತ್ತಿತ್ತು.

ನಾಲ್ಕನೆಯ ದಿನ ಮಂಡ್ಯದಲ್ಲಿ ಡಾಕ್ಟರು ಆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಪಾದರಸದ ಹನಿಗಳು ತುಂಬಿಕೊಂಡಿದ್ದವು. ಮುಚ್ಚಳದ ಮೇಲೆ ನನ್ನದೇ ಅಕ್ಷರ, ಹದಿನೇಳನೆಯ ಮನೆ, ಐದನೆಯ ಮಗು. "ಇದು ಒಂದೇ ಅಲ್ಲಯ್ಯ" ಅಂದರು. ಬೇರೆ ಹಳ್ಳಿಗಳಿಂದಲೂ ಸೂಜಿ ಹಾಕಿದ ಮಕ್ಕಳ ತಟ್ಟೆಗಳಲ್ಲಿ ಹೀಗೇ ಬರುತ್ತಿತ್ತು. ಸೂಜಿ ಹಾಕಿದ ಸಾಲು, ಹಾಕದ ಸಾಲು, ಎರಡೂ ಒಂದರ ಹತ್ತಿರ ಒಂದು ಬಂದು ನಿಲ್ಲುತ್ತಿದ್ದವು. ಅವರ ದನಿ ಕುಗ್ಗಿಹೋಗಿತ್ತು. ಮದ್ದು ಸೋತಿತು ಅನ್ನುವುದು ಅವರ ಚಿಂತೆ. ನನಗೆ ಮಗುವಿನ ಗತಿ ಏನು ಅನ್ನುವುದೊಂದೇ. ಕೇಳಿದೆ. ಬಂದ ಮೇಲೆ ಅದಕ್ಕೆ ಔಷಧವಿಲ್ಲ, ಎತ್ತಿ ಕೂರಿಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಿ ಅಂದರು. ಯಾರ ಮಗು ಅಂತ ಅವರು ಕೇಳಲಿಲ್ಲ.

ಅಲ್ಲಿಂದ ಮುಂದೆ ನಾನು ಎರಡು ದಿನಕ್ಕೊಂದು ಸಲ ಹೋದೆ. ಯಾರೋ ಕತ್ತೆಯ ಹಾಲು ತಂದುಕೊಟ್ಟರು, ಯಾರೋ ಕರಿದಾರ ಕಟ್ಟಿದರು. ನನ್ನ ಭಾವ, ತಂಗಿಯ ಗಂಡ, ಹೊಲಕ್ಕೆ ಹೋಗುವುದನ್ನು ಬಿಟ್ಟು ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದ. ಹೋದಾಗಲೆಲ್ಲ ತಂಗಿ ತಟ್ಟೆ ಹಿಡಿ ಅನ್ನುವಳು. ಎರಡನೆಯ ಸಲ ಅವಳ ಸಮಾಧಾನಕ್ಕೆಂದು ಹಿಡಿದೆ. ಮೂರನೆಯ ಸಲ, ಇದರಿಂದ ಏನೂ ಆಗಲ್ಲ, ತಟ್ಟೆ ಲೆಕ್ಕದ್ದು, ಒಂದು ಮಗುವಿಗೆ ಒಂದೇ ಅಂತ ಹೇಳಿದೆ. ಚೀಲದಲ್ಲಿ ಆವತ್ತು ಮೂರು ತಟ್ಟೆ ಇತ್ತು. ಅವಳಿಗೂ ಅದು ಕಾಣಿಸುತ್ತಿತ್ತು.

ಅವತ್ತೇ ಹದಿನೇಳನೆಯ ಮನೆಯಾಕೆ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿದಳು. ಎಂದಿನ ಕುಚೋದ್ಯ ಇರಲಿಲ್ಲ. ಸೂಜಿ ಹಾಕಿದ ಮಗುವಿಗೆ ಹೀಗಾಗಬಾರದಾಗಿತ್ತು ಅಂತ ನಾನೇ ಮಾತು ತೆಗೆದೆ.

"ಅವನಿಗೆಲ್ಲಿ ಆಕ್ಸಿದ್ವಿ ಅಣ್ಣಯ್ಯ" ಅಂದಳು. "ನಿನ್ ತಂಗಿ ಮೂರ್ ವಾರನೂ ಅವನ್ನ ಎತ್ಕೊಂಡು ಒಲದ ಕಡೀಕೆ ಓಗ್ಬುಟ್ಳು. ನೀನು ಐದು ಅಂತ ಬರ್ದಿದ್ದೆ. ಲೆಕ್ಕ ತಪ್ಪಿದ್ರೆ ದೊರೆಗಳ ಮುಂದೆ ನಿನ್ ಮಾನ ಓಯ್ತದಲ್ಲ ಅಂತ, ನಮ್ಮಣ್ಣನ ಮಗ ಬಂದಿದ್ದ, ಅವನ್ನ ನಿಲ್ಲಿಸ್ದೆ. ನೀನು ತಲೆ ಎತ್ತಿ ನೋಡ್ಲಿಲ್ಲ. ನಿನಗೂ ಗೊತ್ತೈತೆ ಅಂದ್ಕಂಡೆ."

ನನ್ನ ಮಾನ ಉಳಿಸಲು ಮಾಡಿದಳು. ಅವಳನ್ನು ಹೇಗೆ ಬೈಯಲಿ? ತಂಗಿಯ ಹತ್ತಿರ ಹೋಗಿ ಯಾಕೆ ಹೀಗೆ ಮಾಡಿದೆ ಅಂತ ಕೇಳಿದೆ. ಹುಡುಗ ಅವಳ ತೊಡೆಯ ಮೇಲೆ ಕಣ್ಣು ಮುಚ್ಚಿಕೊಂಡಿದ್ದ.

"ಚುಚ್ಚುದ್ರೆ ಅತ್ತಾನು. ಅತ್ರೆ ನಾನು ಓಡ್ಬಂದು ಎತ್ಕೊಂಬುಡ್ತೀನಿ ಕಣಣ್ಣ. ಎಲ್ಲರ ಮುಂದೆ ಎತ್ಕೊಂಡ್ಮೇಲೆ ನಂದು ಅಂತ ಆಗೋಯ್ತದಲ್ಲ." ಹುಡುಗನನ್ನು ಎತ್ತಿ ಕೂರಿಸಿಕೊಂಡು, "ಇಂಗಾಗ್ತದೆ ಅಂತ ನೀನ್ಯಾಕೆ ಯೋಳ್ಲಿಲ್ಲ" ಅಂದಳು.

ನಾನು ಹೇಳಿರಲಿಲ್ಲ, ನಿಜ. ಸೂಜಿ ಯಾಕೆ, ಬೆಸ ಯಾಕೆ, ಸರಿ ಯಾಕೆ ಅಂತ ಒಂಬತ್ತು ಹಳ್ಳಿಗೂ ಬಾಯಿ ನೋಯುವಷ್ಟು ಹೇಳಿದ್ದೆ. ಸ್ವಂತ ತಂಗಿಗೆ, ನಿನ್ನ ಮಗನನ್ನು ಸೂಜಿ ಬರುವ ಮನೆಗೆ ಬರೆದಿದ್ದೇನೆ ಅಂತ ಹೇಳಲು ನಾಚಿಕೆಯಾಗಿತ್ತು. ಹೇಳಿದರೆ ನಾನು ಲೆಕ್ಕ ತಪ್ಪಿಸಿದವನಾಗುತ್ತಿದ್ದೆ.

ಆರು ದಿನದ ಮೇಲೆ ಹುಡುಗ ಹೋದ. ಮಧ್ಯಾಹ್ನ, ಅಪ್ಪನ ಹೆಗಲ ಮೇಲೆ. ಕೆಮ್ಮಿ ಮುಗಿದ ಮೇಲೆ ಕೇಳಬೇಕಾದ ಆ ಉದ್ದನೆಯ ಎಳೆತ ಕೇಳಲಿಲ್ಲ. ತಂಗಿ ಅಂಗಳಕ್ಕೆ ಬಂದು ಮಗನನ್ನು ಎತ್ತಿಕೊಂಡಳು. ಆಗ ಬೀದಿಯವರೆಲ್ಲ ನೋಡುತ್ತಿದ್ದರು.

ಹದಿನೈದು ದಿನದ ಲೆಕ್ಕ ಬರೆಯುವ ದಿನ ಬಂತು. ರಿಜಿಸ್ಟರು ತೆಗೆದರೆ ಸಾವನ್ನು ಹದಿನೇಳನೆಯ ಮನೆಯ ಎದುರಿಗೆ ಬರೆಯಬೇಕು, ಅಳು ಹದಿನೆಂಟರಲ್ಲಿ. ಬರೆಯಲಾಗಲಿಲ್ಲ. ಆ ಪುಟ ಹಾಗೇ ಬಿಟ್ಟು ಉಳಿದ ಎಂಟು ಹಳ್ಳಿಗೆ ಹೋದೆ. ಈ ಸಲ ಎಷ್ಟು ಮಕ್ಕಳು ಅಂತ ಕೇಳಲಿಲ್ಲ. ಮೊರದಲ್ಲಿ ಕೊಂಡುಕೊಂಡದ್ದು ಯಾವುದು ಅಂತ ಕೇಳಿದೆ. ನಾನೂ ಈ ಕ್ರಮ ಬಲ್ಲವನೇ ಅಂತ ಗೊತ್ತಾದ ಮೇಲೆ ಹೆಂಗಸರು ಮೆಲ್ಲಗೆ ಹೇಳಿದರು. ಎರಡು ಹಳ್ಳಿ ಬಿಟ್ಟರೆ ಎಲ್ಲ ಕಡೆ ಇತ್ತು. ಮಗು ಒಂದು ಮನೆಯಲ್ಲಿ, ಲೆಕ್ಕ ಇನ್ನೊಂದು ಮನೆಯಲ್ಲಿ. ಕೆಲವು ಕಡೆ ಅದೇ ಮಗುವಿಗೆ ಸೂಜಿ ಬಿದ್ದಿತ್ತು, ಕೆಲವು ಕಡೆ ಲೆಕ್ಕ ತುಂಬಲು ಯಾವುದೋ ಮಗುವನ್ನು ನಿಲ್ಲಿಸಿದ್ದರು. ಇನ್ನು ಕೆಲವು ಕಡೆ ಯಾವುದನ್ನು ನಿಲ್ಲಿಸಿದೆವು ಅಂತ ಅವರಿಗೇ ನೆನಪಿರಲಿಲ್ಲ. ಮೊದಲೇ ಎರಡು ಮೂರು ಕಳೆದುಕೊಂಡ ಮನೆಗಳ ಮಕ್ಕಳು ಇವು. ತೆಳ್ಳಗಿನವು, ಬಚ್ಚಿಟ್ಟು ಸಾಕಿದವು. ಕೆಮ್ಮು ಬಂದಾಗ ಮೊದಲು ಹೋದವೂ ಇವೇ. ಡಾಕ್ಟರ ಮೇಜಿನ ಮೇಲೆ, ಇವುಗಳಲ್ಲಿ ಬೆಸ ನಂಬರಿಗೆ ಬರೆದವೆಲ್ಲ ಸೂಜಿ ಹಾಕಿಯೂ ಸತ್ತ ಮಕ್ಕಳು.

ಡಾಕ್ಟರು ಆ ವಾರ ಮಳವಳ್ಳಿಯ ಮುಸಾಫರಖಾನೆಯಲ್ಲಿ ಇಳಿದಿದ್ದರು. ಅಲ್ಲಿಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ನನ್ನ ಅಳಿಯನಿಂದ ಶುರುಮಾಡಿ ಕೊನೆಯ ಹಳ್ಳಿಯವರೆಗೆ. ನನ್ನ ಮನಸ್ಸಿನಲ್ಲಿದ್ದದ್ದು ಒಂದೇ. ಈ ಮಕ್ಕಳನ್ನು ಸೂಜಿಯ ಸಾಲಿನಿಂದ ತೆಗೆದುಬಿಟ್ಟರೆ ಮದ್ದು ಗೆಲ್ಲುತ್ತದೆ, ಗೆದ್ದರೆ ಎಲ್ಲ ಹಳ್ಳಿಗೂ ಬರುತ್ತದೆ, ತಂಗಿಯ ಮಗ ಹೋದದ್ದಕ್ಕೆ ಅಷ್ಟಾದರೂ ಉಳಿಯುತ್ತದೆ. ಹದಿನೇಳನೆಯ ಮನೆಯಾಕೆಯ ಅಣ್ಣನ ಮಗನ ಸುದ್ದಿಯನ್ನೂ ಹೇಳಿದೆ. ಅವನ ಊರಲ್ಲಿ ಮನೆಮನೆಗೂ ಕೆಮ್ಮು ಬಂದಿತ್ತು, ಮೂರು ಸೂಜಿ ಬಿದ್ದಿದ್ದ ಅವನಿಗೆ ಬಂದಿರಲಿಲ್ಲ.

ಡಾಕ್ಟರು ಬಹಳ ಹೊತ್ತು ರಿಜಿಸ್ಟರಿನ ಪುಟಗಳನ್ನು ತಿರುಗಿಸಿದರು. ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ವಾಸಿಯಾಗಿತ್ತು.

"ಒಂದು ಮಗು ಲೆಕ್ಕವಲ್ಲಯ್ಯ" ಅಂದರು. "ನೀನು ಕೇಳಿದೆ, ಕೆಲವರು ಹೇಳಿದರು. ಹೇಳದವರು ಎಷ್ಟು? ನಿಲ್ಲಿಸಿದ್ದು ಯಾರನ್ನು? ಸತ್ತವನ್ನು ಹುಡುಕಿ ತೆಗೆದು, ಬದುಕಿದವನ್ನು ಬಿಟ್ಟರೆ ಅದು ನಮಗೆ ಬೇಕಾದ ಉತ್ತರವನ್ನು ನಾವೇ ಬರೆದುಕೊಂಡ ಹಾಗೆ. ಈಗ ಈ ಮದ್ದು ಕೆಲಸ ಮಾಡುತ್ತದೆ ಅಂತ ಹೇಳುವಂತಿಲ್ಲ, ಮಾಡುವುದಿಲ್ಲ ಅಂತಲೂ ಹೇಳುವಂತಿಲ್ಲ. ಎರಡು ವರ್ಷದ ಮೇಲೆ, ನಮಗೆ ಏನೂ ಗೊತ್ತಿಲ್ಲ."

ಮತ್ತೆ ಮೊದಲಿನಿಂದ ಮಾಡೋಣ ಸ್ವಾಮಿ, ನಾನು ಸಂಬಳವಿಲ್ಲದೆ ತಿರುಗುತ್ತೇನೆ ಅಂದೆ. ಅವರು ತಲೆ ಆಡಿಸಿದರು. ಈ ಕೆಲಸಕ್ಕೆ ಅನುಮತಿ ಕೊಟ್ಟವರು ಎರಡು ವರ್ಷಕ್ಕೆ ಅಂತಲೇ ಕೊಟ್ಟಿದ್ದರಂತೆ. ಉತ್ತರವಿಲ್ಲದ ಕೆಲಸಕ್ಕೆ ಎರಡನೆಯ ಸಲ ಯಾರೂ ಕೊಡುವುದಿಲ್ಲವಂತೆ. ಆಮೇಲೆ ಅವರು ಕೇಳಿದರು, ಇಂಥ ಕ್ರಮ ಒಂದಿದೆ ಅಂತ ಮೊದಲ ದಿನವೇ ಯಾಕೆ ಹೇಳಲಿಲ್ಲ? ಈ ಊರುಗಳಲ್ಲಿ ಹುಟ್ಟಿ ಬೆಳೆದವನು, ನಿನಗೆ ಗೊತ್ತಿರಲಿಲ್ಲವೇ?

"ಗೊತ್ತಿತ್ತು ಸ್ವಾಮಿ. ನಾನೂ ಅಂಥ ಕೂಸೇ. ನಿಮಗೆ ಬರೆಸಿದ ಹೆಸರು ನನ್ನದಲ್ಲ."

ಹದಿನೆಂಟು ವರ್ಷದಿಂದ ಯಾರಿಗೂ ಹೇಳದ ಹೆಸರನ್ನು ಆವತ್ತು ಅವರಿಗೆ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದೇ ಮಾತು ಮುಂಚೆ ಹೇಳಿದ್ದರೆ ಮಗು ಮಲಗುವ ಮನೆಯನ್ನೇ ಬರೆದುಕೊಳ್ಳುತ್ತಿದ್ದೆವು ಅಂತ, ನನಗಲ್ಲ, ಕಿಟಕಿಯ ಕಡೆ ನೋಡಿಕೊಂಡು ಅಂದರು.

ಎರಡು ತಿಂಗಳಲ್ಲಿ ಮಂಡ್ಯದ ಬಾಡಿಗೆ ಮನೆ ಖಾಲಿಯಾಯಿತು. ಗಾಜಿನ ಸಾಮಾನನ್ನು ಹುಲ್ಲಿನಲ್ಲಿ ಸುತ್ತಿ ರೈಲಿಗೆ ಹಾಕುವ ಕೆಲಸವನ್ನೂ ನಾನೇ ಮಾಡಿದೆ. ಡಾಕ್ಟರು ರಿಜಿಸ್ಟರುಗಳನ್ನು ತೆಗೆದುಕೊಂಡು ಹೋದರು, ಬೆಸಗರಹಳ್ಳಿ ಕಡೆಯದನ್ನು ಮಾತ್ರ ಬಿಟ್ಟುಹೋದರು. ಅದು ಬೇಕಾಗಿಲ್ಲ ಅಂದರು. ಒಂದು ಒಳ್ಳೆಯ ಮಾತು ಬರೆದ ಕಾಗದ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ.

ಈಗ ನಾನು ಕಾರ್ಖಾನೆಗೆ ಬರುವ ಕಬ್ಬಿನ ಗಾಡಿಗಳ ನಂಬರು ಬರೆಯುತ್ತೇನೆ. ಒಂದೊಂದು ಗಾಡಿಯ ಹಿಂದೆಯೂ ಹೋಗಿ ಕಣ್ಣಾರೆ ನೋಡಿಯೇ ಬರೆಯುವುದು. ಗಾಡಿಯವರು, ಏನ್ ಸ್ವಾಮಿ ಎತ್ತಿನ ಬಾಲನೂ ಎಣಿಸ್ತೀರಾ ಅಂತ ಹಾಸ್ಯ ಮಾಡುತ್ತಾರೆ. ಮಾಡಲಿ. ಶಿವಪುರದಲ್ಲಿ ಸರ್ಕಾರದ ಮಾತು ಮೀರಿ ಸ್ವರಾಜ್ಯದ ಬಾವುಟ ಹಾರಿಸಿದ ವರ್ಷ ಜನ ಗುಂಪುಗುಂಪಾಗಿ ಆ ಕಡೆ ಹೋಗುವಾಗ ನಾನು ಸೈಕಲ್ಲಿನಲ್ಲಿ ತಂಗಿಯ ಊರಿಗೆ ಹೋಗುತ್ತಿದ್ದೆ. ಆ ವರ್ಷವೂ ಕೆಮ್ಮು ಬಂದಿತ್ತು. ದಾರಿಯ ಜಗಲಿಗಳಿಂದ ಆ ಎಳೆತ ಕೇಳುತ್ತಿತ್ತು. ಯಾರ ಮನೆ, ಯಾವ ವಾರ ಶುರುವಾಗಿರಬೇಕು, ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ನನ್ನ ತಲೆ ತಾನಾಗಿಯೇ ಗೆರೆ ಎಳೆಯುತ್ತದೆ. ಎಳೆದು ಯಾರಿಗೆ ಕೊಡಲಿ? ಒಂದು ಮನೆಯ ಮುಂದೆ ಹೆಂಗಸೊಬ್ಬಳು ಗುರುತು ಹಿಡಿದು, ತಟ್ಟೆ ತಂದಿದ್ದೀರಾ ಅಂತ ಕೇಳಿದಳು. ಇಲ್ಲ ಅಂದು ಮುಂದೆ ಹೋದೆ.

ತಂಗಿ ನನ್ನ ಜೊತೆ ಮಾತಾಡುತ್ತಾಳೆ. ಉಣ್ಣಲು ಇಡುತ್ತಾಳೆ. ಆ ವಿಷಯ ಎತ್ತುವುದಿಲ್ಲ. ಬಾಗಿಲ ಮೇಲಿನ ಡಾಂಬರಿನ ಹದಿನೆಂಟನ್ನು ಕೆರೆದುಹಾಕುತ್ತೇನೆ ಅಂತ ಒಂದು ಸಲ ಕತ್ತಿ ತೆಗೆದುಕೊಂಡೆ. ಇರಲಿ ಬುಡು ಅಂದಳು.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು. ಸೈಕಲ್ಲು ಒಂದು. ಡಾಂಬರಿನ ಬ್ರಷ್ಷು ಒಂದು, ಕೂದಲು ಉದುರಿದೆ. ರಿಜಿಸ್ಟರು ಒಂದು, ಅದರಲ್ಲಿ ತುಂಬದೆ ಬಿಟ್ಟ ಪುಟ ಒಂದು. ಮುಚ್ಚಳ ಸಮೇತ ಗಾಜಿನ ತಟ್ಟೆ ಮೂರು, ಒಳಗಿನದು ಒಣಗಿದೆ. ಹೆಸರು ಎರಡು. ತಂಗಿ ಒಬ್ಬಳು. ತಂಗಿಯ ಮನೆಯಲ್ಲಿ ಮಕ್ಕಳು ಇಲ್ಲ.